ಕಟ್ಟಿಸಲು ದುಡ್ಡಿದೆ, ತೊಳೆಸಲು ಇಲ್ಲ: ಶಾಲಾ ಸಮಿತಿಯಲ್ಲಿ ಮೂರು ವರ್ಷ

ನಮ್ಮ ಪಟ್ಟಣದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಬಂದವರು ಮೊದಲು ಓದುವುದು ದಾನಿಗಳ ಹೆಸರು. ಗೇಟಿನ ಕಮಾನಿನ ಮೇಲೆ ಒಂದು, ರಂಗಮಂಟಪದ ಹಣೆಯ ಮೇಲೆ ಇನ್ನೊಂದು, ಬೀರುವಿನ ಬಾಗಿಲಿನ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ಮತ್ತೊಂದು. ಗೋಡೆ ಗಡಿಯಾರ, ಕುಡಿಯುವ ನೀರಿನ ಫಿಲ್ಟರ್, ಗೋಡೆಗೆ ತೂಗುಹಾಕಿದ ದೊಡ್ಡ ಟಿವಿ, ಯಾವುದನ್ನು ಮುಟ್ಟಿದರೂ ಯಾರದೋ ಜ್ಞಾಪಕಾರ್ಥ. ಫ್ಯಾನಿನ ರೆಕ್ಕೆಯ ಮೇಲೂ ಬರೆಸಿದ್ದಾರೆ. ತಿರುಗುವಾಗ ಕಾಣುವುದಿಲ್ಲ, ಕರೆಂಟು ಹೋದಾಗ ಓದಿಕೊಳ್ಳಬಹುದು. 2022ರಲ್ಲಿ ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷೆಯಾದಾಗ ಆ ಫಿಲ್ಟರ್ ಕೆಟ್ಟು ವರ್ಷದ ಮೇಲಾಗಿತ್ತು. ಯಂತ್ರ ಕೊಡುವ ದಾನಿ ಸಿಕ್ಕಿದ್ದರು, ಅದರೊಳಗಿನ ಕ್ಯಾಂಡಲ್ ಬದಲಿಸುವ ದಾನಿ ಸಿಕ್ಕಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ಅದರ ಕೀಲಿ ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ಮೊಳೆಗೆ ನೇತಾಡುತ್ತಿತ್ತು, ಮೇಲಿನಿಂದ ಯಾರಾದರೂ ಪರಿಶೀಲನೆಗೆ ಬಂದರೆ ಕೈಗೆ ಸಿಗಲಿ ಎಂದು.

ಎಸ್‌ಡಿಎಂಸಿ ಎಂದರೆ ಸ್ವಾತಂತ್ರ್ಯ ದಿನಾಚರಣೆಗೆ ಸಿಹಿ ಹಂಚುವ ಸಮಿತಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಇದಕ್ಕಿಂತ ಹೆಚ್ಚಿನ ಹಿನ್ನೆಲೆ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ ಸಮಿತಿ ಇದು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಕಾನೂನಿನ ಬಲವೂ ದೊರೆಯಿತು. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. 22ನೇ ಸೆಕ್ಷನ್ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯುವುದು ಸಮಿತಿಯ ಕೆಲಸ. ಬರೆದ ಯೋಜನೆಗೆ ದುಡ್ಡು ಎಲ್ಲಿಂದ ಬರಬೇಕು ಎಂಬಲ್ಲಿಗೆ ಬಂದರೆ ಕಾಯ್ದೆಯ ದನಿ ಸ್ವಲ್ಪ ತಗ್ಗುತ್ತದೆ.

ನಾನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಲೌಸ್ ಹೊಲಿಯುವವಳು. ಮಗಳು ಆಗ ನಾಲ್ಕನೇ ತರಗತಿ. ಪೋಷಕರ ಸಭೆಯಲ್ಲಿ ಸದಸ್ಯರ ಆಯ್ಕೆಯಾಯಿತು, ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಗಂಡಸರು ಪಟ್ಟು ಹಿಡಿದರು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಪಕ್ಷದವರಿಗೆ ಸಿಟ್ಟು. ಎರಡು ಕಡೆಯವರಿಗೂ ತೊಂದರೆ ಕೊಡದವಳು ಎಂದು ನನ್ನ ಹೆಸರು ಹೇಳಿದರು. ಮೊದಲ ಸಭೆಯ ಕರೆ ನನ್ನ ಗಂಡನ ಮೊಬೈಲಿಗೆ ಬಂತು. ಅವರು ಹೋಗಿ ಕುಳಿತರೂ ನಡೆಯುತ್ತಿತ್ತು ಎಂದು ಕಾಣುತ್ತದೆ. ನಡಾವಳಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ನೋಡಿದರೆ ಹಳೆಯ ಸಮಿತಿಯ ಒಂಬತ್ತು ಹೆಂಗಸರ ಸಹಿಗಳಲ್ಲಿ ನಾಲ್ಕು ಒಂದೇ ಕೈಬರಹದಲ್ಲಿದ್ದವು. ಮುಖ್ಯೋಪಾಧ್ಯಾಯರಿಗೆ ನನ್ನ ನಂಬರ್ ಬರೆದುಕೊಟ್ಟೆ. "ಆಗಲಿ ಮೇಡಂ" ಎಂದರು. ಆಮೇಲೂ ಕೆಲವು ಸಲ ಅವರಿಗೇ ಮಾಡಿದರು. ನಮ್ಮ ಯಜಮಾನರು "ಅಧ್ಯಕ್ಷರು ಅಂಗಡಿಯಲ್ಲಿದ್ದಾರೆ, ಅಲ್ಲಿಗೇ ಮಾಡಿ" ಎಂದು ಇಟ್ಟುಬಿಡುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಸಭೆ ಕರೆಯುವ ಪದ್ಧತಿಯನ್ನು ಮೊದಲು ನಿಲ್ಲಿಸಿದೆವು. ನಮ್ಮ ಸದಸ್ಯೆಯರಲ್ಲಿ ಐವರು ಗಾರ್ಮೆಂಟ್ಸ್‌ಗೆ ಹೋಗುವವರು, ಇಬ್ಬರು ಕೂಲಿಯವರು. ಮೂರು ಗಂಟೆಗೆ ಬರಬೇಕಾದರೆ ಅವರು ಅರ್ಧ ದಿನದ ದುಡಿಮೆ ಬಿಡಬೇಕು. ಅವರು ಬರುವುದಿಲ್ಲ, ಆದ್ದರಿಂದ ಸಹಿ ಮಾತ್ರ ಬರುತ್ತದೆ. ಸಂಜೆ ಆರೂವರೆಗೆ ಇಟ್ಟಾಗ ಶಿಕ್ಷಕರು ಗೊಣಗಿದರು, ಅದೂ ನ್ಯಾಯವೇ. ಬಸ್ಸಿಗೆ ಹೋಗುವವರು ಇದ್ದರು. ಕೊನೆಗೆ ಮುಖ್ಯೋಪಾಧ್ಯಾಯರು ಮತ್ತು ಊರಲ್ಲೇ ಇರುವ ಒಬ್ಬ ಶಿಕ್ಷಕಿ ಉಳಿಯುವುದು ಎಂದಾಯಿತು. ಗಾರ್ಮೆಂಟ್ಸ್ ವ್ಯಾನ್ ಶಾಲೆಯ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಸೆರಗಿಗೆ ಅಂಟಿದ ದಾರದ ಚೂರುಗಳ ಸಮೇತ ಇಳಿದು ಬಂದು ಒಂದನೇ ತರಗತಿಯ ಪುಟ್ಟ ಬೆಂಚುಗಳ ಮೇಲೆ ಕುಳಿತುಕೊಳ್ಳುತ್ತಿದ್ದರು. ಮೊದಮೊದಲು ಮಾತಿಲ್ಲ. ಶೌಚಾಲಯದ ವಿಷಯ ಬಂದ ದಿನ ಬಾಯಿ ಬಿಟ್ಟರು.

ಬೀಗ ಏಕೆ ಬಿದ್ದಿತ್ತು ಎಂದರೆ, ತೊಳೆಯುವವರು ಇಲ್ಲದ್ದಕ್ಕೆ. ಇದು ನಮ್ಮ ಶಾಲೆಯ ಒಂದು ಕಥೆಯಲ್ಲ. ನಮ್ಮಂತಹ ಪ್ರಾಥಮಿಕ ಶಾಲೆಗೆ ಮುಖ್ಯೋಪಾಧ್ಯಾಯರ ಹುದ್ದೆ ಇದೆ, ಶಿಕ್ಷಕರ ಹುದ್ದೆ ಇದೆ, ಅಡುಗೆಯವರಿದ್ದಾರೆ. ಕಸ ಗುಡಿಸಿ ಶೌಚಾಲಯ ತೊಳೆಯುವವರ ಹುದ್ದೆ ಮಾತ್ರ ಇಲ್ಲ. ಶೌಚಾಲಯ ಕಟ್ಟಿಸಲು ಒಂದಲ್ಲ ಒಂದು ಯೋಜನೆಯಲ್ಲಿ ಹಣ ಬರುತ್ತದೆ. ನಮ್ಮಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ ಎರಡು ಕಾಲದಲ್ಲಿ ಕಟ್ಟಿದ ಎರಡು ಸಾಲುಗಳಿದ್ದವು. ಹಳೆಯದು ಹಾಳಾಗಿದ್ದರಿಂದ ಹೊಸದು ಕಟ್ಟಿದರು. ಹಳೆಯದು ಯಾವ ಕಾರಣಕ್ಕೆ ಹಾಳಾಯಿತೋ ಆ ಕಾರಣ ಹೊಸದಕ್ಕೂ ಹಾಗೆಯೇ ಉಳಿದಿತ್ತು.

ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಒಟ್ಟು ಅನುದಾನ ಬರುತ್ತದೆ. ಆಗ ನೂರರೊಳಗೆ ಮಕ್ಕಳಿದ್ದ ನಮ್ಮ ಶಾಲೆಗೆ 25,000 ರೂಪಾಯಿ. ನೂರು ದಾಟಿದರೆ 50,000. ಅದರಲ್ಲಿ ಕನಿಷ್ಠ ಶೇಕಡಾ 10 ಸ್ವಚ್ಛತೆಗೆ ಎಂದು ಮಾರ್ಗಸೂಚಿ ಹೇಳುತ್ತದೆ. 25,000ದಲ್ಲಿ ಶೇಕಡಾ 10 ಎಂದರೆ ಎರಡೂವರೆ ಸಾವಿರ, ವರ್ಷಕ್ಕೆ. ಫಿನಾಯಿಲ್, ಪೊರಕೆ, ಆಸಿಡ್‌ಗೆ ಸರಿಹೋಯಿತು. ಪೊರಕೆ ಹಿಡಿಯುವ ಕೈಗೆ ಏನೂ ಉಳಿಯುವುದಿಲ್ಲ. ಉಳಿದ ಹಣದಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಸಣ್ಣಪುಟ್ಟ ರಿಪೇರಿ, ಇಂಟರ್ನೆಟ್, ವಿದ್ಯುತ್ ಬಿಲ್ಲು. ವಿದ್ಯುತ್ತು ಮತ್ತು ನೀರನ್ನು ಸರ್ಕಾರಿ ಶಾಲೆಗಳಿಗೆ ಉಚಿತವಾಗಿ ಕೊಡುವುದಾಗಿ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಘೋಷಿಸಿದಾಗ ಇಡೀ ರಾಜ್ಯದಲ್ಲಿ ಹೆಚ್ಚು ಖುಷಿಪಟ್ಟವರು ಮುಖ್ಯೋಪಾಧ್ಯಾಯರುಗಳೇ ಇರಬೇಕು.

ಶೌಚಾಲಯದ ವಿಷಯ ಬಂದ ಆ ದಿನದ ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು, ಒಳ್ಳೆಯವರೇ, ಬಹಳ ಸಹಜವಾಗಿ ಹೇಳಿದರು: "ಆ ಕೇರಿಯವರಿಗೆ ಹೇಳಿದರಾಯಿತು, ಐನೂರು ಕೊಟ್ಟರೆ ಯಾರಾದರೂ ಬರುತ್ತಾರೆ." ಆ ಕೇರಿಯಿಂದ ಬಂದ ಸದಸ್ಯೆ ಅವರೆದುರಿನ ಬೆಂಚಿನಲ್ಲೇ ಇದ್ದರು. ದನಿ ಏರಿಸಲಿಲ್ಲ. "ಅಣ್ಣ, ನಮ್ಮ ಕೇರಿಯವರೇ ಏಕೆ? ಕೆಲಸ ಏನು, ಎಷ್ಟು ಹೊತ್ತು, ಸಂಬಳ ಎಷ್ಟು ಎಂದು ಮೊದಲು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಯಾರು ಬರುತ್ತಾರೆ ನೋಡೋಣ. ಐನೂರಕ್ಕೆ ನಾನಂತೂ ಯಾರನ್ನೂ ಕೇಳುವುದಿಲ್ಲ" ಎಂದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ನಾವು ಬರೆದೆವು: ದಿನಕ್ಕೆ ಒಂದೂವರೆ ಗಂಟೆ, ಎರಡು ಹೊತ್ತು, ತಿಂಗಳಿಗೆ 3,000 ರೂಪಾಯಿ, ಕೈಗವಸು ಮತ್ತು ಬೂಟು ಸಮಿತಿಯದು. ಬಿಸಿಯೂಟದ ಅಡುಗೆಯ ಅಕ್ಕಂದಿರು ಆಗ ಪಡೆಯುತ್ತಿದ್ದದ್ದು ಮುಖ್ಯ ಅಡುಗೆಯವರಿಗೆ 3,700, ಸಹಾಯಕಿಯರಿಗೆ 3,600. ನಮ್ಮ ಅಂಕಿ ಕೇಳಿ ಒಬ್ಬ ಅಡುಗೆಯಕ್ಕ, "ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಕಿಯ ಮುಂದೆ ನಿಲ್ಲುವ ನಮಗೆ ಇದೇನು ನ್ಯಾಯ" ಎಂದರು. ಉತ್ತರ ನಮ್ಮಲ್ಲಿರಲಿಲ್ಲ, ಅವರ ಗೌರವಧನ ನಿಗದಿ ಮಾಡುವುದು ನಾವಲ್ಲ ಎಂಬ ಒಂದು ಉತ್ತರದ ಹೊರತು.

ತಿಂಗಳಿಗೆ ಮೂರು ಸಾವಿರ ಎಲ್ಲಿಂದ? 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿಯಂತೆ ದೇಣಿಗೆ ಪಡೆಯಲು ಸಮಿತಿಗಳಿಗೆ ಅವಕಾಶ ಕೊಟ್ಟು ಶಿಕ್ಷಣ ಇಲಾಖೆಯ ಸುತ್ತೋಲೆ ಹೊರಬಿತ್ತು. ನಮಗೆ ಒಂದು ಕ್ಷಣ ದಾರಿ ತೆರೆಯಿತು ಎನ್ನಿಸಿದ್ದು ನಿಜ. ಸಭೆಯಲ್ಲಿ ಓದಿದಾಗ ಗಾರ್ಮೆಂಟ್ಸ್ ಸದಸ್ಯೆಯೊಬ್ಬರು ಬೆರಳು ಮಡಿಸಿದರು. ಅವರ ಮೂರು ಮಕ್ಕಳೂ ಇದೇ ಶಾಲೆ. "ಸ್ವಇಚ್ಛೆಯಿಂದ ಎಂದು ಬರೆದಿದ್ದಾರೆ, ಸರಿ. ಕೊಡದವರ ಹೆಸರು ನಿಮ್ಮ ಪುಸ್ತಕದಲ್ಲಿ ಕಾಣುತ್ತದೋ ಇಲ್ಲವೋ?" ಎಂದು ಕೇಳಿದರು. ಅಲ್ಲಿಗೆ ಚರ್ಚೆ ಮುಗಿಯಿತು. ರಾಜ್ಯದ ಉದ್ದಗಲಕ್ಕೂ ಗದ್ದಲವೆದ್ದು ಸರ್ಕಾರ ಆ ಸುತ್ತೋಲೆಯನ್ನು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು. ಉಚಿತ ಶಿಕ್ಷಣ ಎಂದು ಕಾನೂನು ಬರೆದುಕೊಂಡ ಮೇಲೆ ಕೂಲಿಯವರ ಸೆರಗಿನ ಗಂಟಿಗೆ ಕೈ ಹಾಕುವುದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯವೂ. ಆದರೆ ಸುತ್ತೋಲೆ ಹಿಂದೆ ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ ಎಂಬುದನ್ನು ಗದ್ದಲ ಮಾಡಿದವರು ಗಮನಿಸಲಿಲ್ಲ.

ನಮ್ಮದು ತೆಂಗಿನ ಸೀಮೆ. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಕಳಿಸುವ ವರ್ತಕರೊಬ್ಬರು ಇದೇ ಶಾಲೆಯಲ್ಲಿ ಓದಿದವರು. ರಂಗಮಂಟಪದ ಮುಂದೆ ಇನ್ನೊಂದು ಕಮಾನು ಕಟ್ಟಿಸಿಕೊಡುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದರು. ನಾನೂ ಆ ಕೇರಿಯ ಸದಸ್ಯೆಯೂ ಅವರ ಮಂಡಿಗೆ ಹೋದೆವು. ಕಮಾನಿನ ದುಡ್ಡಿನಲ್ಲಿ ಒಬ್ಬ ಹೆಂಗಸಿಗೆ ವರ್ಷಗಟ್ಟಲೆ ಸಂಬಳ ಕೊಡಬಹುದು ಎಂದು ಲೆಕ್ಕ ಹಾಕಿ ತೋರಿಸಿದೆವು. ಅವರು ಗೋಣಿಚೀಲದ ಮೇಲೆ ಕುಳಿತು ಎಲ್ಲವನ್ನೂ ಕೇಳಿ, "ಹೆಸರು ಎಲ್ಲಿ ಹಾಕಿಸುತ್ತೀರಿ?" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶೌಚಾಲಯದ ಗೋಡೆ ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರೇ ನಕ್ಕು, "ಅಪ್ಪನ ಹೆಸರನ್ನು ಅಲ್ಲಿ ಬರೆಸಿದರೆ ಮನೆಯಲ್ಲಿ ಊಟ ಹಾಕುವುದಿಲ್ಲ" ಎಂದರು. ತಿಂಗಳ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ, ಮೊದಲ ಸಾಲಿನಲ್ಲಿ ನಿಮ್ಮ ತಂದೆಯವರ ಹೆಸರು ಇರುತ್ತದೆ ಎಂದೆವು. ಒಪ್ಪಿದರು. ಕಮಾನು ಆಗಲಿಲ್ಲ. ಮುಖ್ಯೋಪಾಧ್ಯಾಯರಿಗೆ ಸ್ವಲ್ಪ ಬೇಸರವಾಯಿತು, ಏಕೆಂದರೆ ಪರಿಶೀಲನೆಗೆ ಬಂದವರ ಫೋಟೋದಲ್ಲಿ ಕಮಾನು ಕಾಣುತ್ತದೆ.

ಬೀಗ ತೆಗೆದ ಮೇಲೆ ಇನ್ನೊಂದು ತೊಡಕು. ಪಟ್ಟಣ ಪಂಚಾಯಿತಿಯ ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ. ಶಾಲೆ ತೆರೆಯುವುದು ಒಂಬತ್ತೂವರೆಗೆ. ಬಂದ ನೀರು ಹಿಡಿಯುವವರಿಲ್ಲದೆ ಟ್ಯಾಂಕ್ ಖಾಲಿ. ನೆಲಮಟ್ಟದಲ್ಲಿ ಒಂದು ಟ್ಯಾಂಕ್ ಇಟ್ಟು ಬಾಲ್ ವಾಲ್ವ್ ಹಾಕಿಸಿದರೆ ತಾನಾಗಿ ತುಂಬುತ್ತದೆ ಎಂದು ಪ್ಲಂಬಿಂಗ್ ಗೊತ್ತಿದ್ದ ಪೋಷಕರೊಬ್ಬರು ಹೇಳಿದರು, ಅವರೇ ಹಾಕಿಯೂ ಕೊಟ್ಟರು. ಇಷ್ಟು ಸಣ್ಣ ಕೆಲಸ. ಅದಕ್ಕಾಗಿ ಮೂರು ವರ್ಷದಿಂದ ಕೊಳವೆಬಾವಿ ಕೊರೆಸಿಕೊಡಿ ಎಂದು ಮನವಿ ಕೊಡುತ್ತಿದ್ದರು.

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದಗುಂಡಿಗೆ ಇಳಿಸಿದ ಸುದ್ದಿ, ಅದರ ಬೆನ್ನಿಗೇ ಬೆಂಗಳೂರಿನ ಶಾಲೆಯೊಂದರಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿ ಬಂತು. ಮಕ್ಕಳಿಂದ ತೊಳೆಸಿದರೆ ಕಠಿಣ ಕ್ರಮ ಎಂದು ಇಲಾಖೆ ಎಚ್ಚರಿಸಿತು. ಎಚ್ಚರಿಸಲೇಬೇಕು. ಹಾಗಾದರೆ ತೊಳೆಯುವವರು ಯಾರು ಎಂದು ನಮ್ಮ ಮುಖ್ಯೋಪಾಧ್ಯಾಯರು ಮೇಲಿನವರನ್ನು ಕೇಳಿದಾಗ, ಸಿಕ್ಕ ಅನುದಾನದಲ್ಲೇ ನಿಭಾಯಿಸಿ ಎಂಬ ಮಾತು ಬಂತು.

ಶಿಕ್ಷಕರ ವಿಷಯದಲ್ಲಿ ನಮಗೆ ಮಂಡಿಯವರು ಯಾರೂ ಸಹಾಯ ಮಾಡಲಾರರು. ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ಹೇಳುವವರು ಇರಲಿಲ್ಲ. 15,000 ಪದವೀಧರ ಶಿಕ್ಷಕರ ನೇಮಕಕ್ಕೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆದಿತ್ತು. ಮದುವೆಯಾದ ಅಭ್ಯರ್ಥಿಗಳು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಅಪ್ಪನ ಹೆಸರಲ್ಲಿ ಕೊಡಬೇಕೋ ಗಂಡನ ಹೆಸರಲ್ಲೋ ಎಂಬ ವ್ಯಾಜ್ಯ ಹೈಕೋರ್ಟಿನಲ್ಲಿ ನಡೆದು, ನೇಮಕ ಮುಂದಿನ ವರ್ಷದ ಕೊನೆಯವರೆಗೆ ಎಳೆಯಿತು. ಅಲ್ಲಿಯವರೆಗೆ ಅತಿಥಿ ಶಿಕ್ಷಕಿ. ಬಿಎಸ್ಸಿ, ಬಿಎಡ್ ಮಾಡಿದ ಹುಡುಗಿ, ಎರಡು ಬಸ್ ಬದಲಿಸಿ ಬರುತ್ತಿದ್ದಳು. ಆಗ ಗೌರವಧನ ತಿಂಗಳಿಗೆ 10,000. ಅದೂ ತಿಂಗಳು ತಿಂಗಳು ಬರುವುದಿಲ್ಲ, ಕೆಲವು ತಿಂಗಳು ಸೇರಿ ಒಟ್ಟಿಗೆ ಬರುತ್ತದೆ. ದಸರಾ ಹೊತ್ತಿಗೆ ಬಸ್ ಪಾಸಿಗೂ ತವರಿನಿಂದ ಕೇಳಬೇಕಾಯಿತು ಎಂದು ನನ್ನ ಅಂಗಡಿಯಲ್ಲಿ ಕುಳಿತು ಹೇಳಿದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಆ ಒಂದು ಖರ್ಚು ತಪ್ಪಿತು.

ಇಷ್ಟರ ನಡುವೆ ನಮ್ಮದೇ ಶಾಲೆಯ ಕಾಯಂ ಶಿಕ್ಷಕರೊಬ್ಬರು ನಿಯೋಜನೆಯ ಮೇಲೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದರು. ಸಂಬಳ ನಮ್ಮ ಶಾಲೆಯ ಲೆಕ್ಕದಲ್ಲಿ, ಕೆಲಸ ಅಲ್ಲಿ. ಖಾಲಿ ಹುದ್ದೆ ಎಂದು ಕೇಳಿದರೆ "ನಿಮ್ಮಲ್ಲಿ ಹುದ್ದೆ ಭರ್ತಿಯಾಗಿದೆ" ಎಂಬ ಉತ್ತರ. ಹಳೆಯ ಸಮಿತಿಯವರು ಬಾಯಲ್ಲಿ ಕೇಳಿಕೊಂಡು ಬರುತ್ತಿದ್ದರು, "ನೋಡೋಣ" ಎಂದು ಕೇಳಿಸಿಕೊಂಡು ಬರುತ್ತಿದ್ದರು. ನಾವು ಠರಾವು ಮಾಡಿದೆವು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸುವಂತಿಲ್ಲ ಎಂದು ಬರೆದು, ಎಲ್ಲರ ಸಹಿ ಮತ್ತು ಇಬ್ಬರ ಹೆಬ್ಬೆಟ್ಟಿನೊಂದಿಗೆ ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಮೊಹರು ಕೇಳಿದೆವು. ಮೊಹರು ಹಾಕುವವರು ಇಲ್ಲ, ಊಟಕ್ಕೆ ಹೋಗಿದ್ದಾರೆ ಎಂದರು. ನಾವೂ ಬುತ್ತಿ ಒಯ್ದಿದ್ದೆವು, ಕಚೇರಿಯ ಮುಂದಿನ ಹೊಂಗೆಯ ಕೆಳಗೆ ಉಂಡು ಮತ್ತೆ ಹೋದೆವು. ಆ ಗುಮಾಸ್ತರು "ಇದನ್ನೆಲ್ಲ ಬರೆದು ಕೊಡುವುದೇಕೆ ತಾಯಿ, ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ" ಎಂದು ಮೊಹರು ಒತ್ತಿದರು. ಉತ್ತರ ಬರದಿದ್ದಾಗ ಅದೇ ಪ್ರತಿಯನ್ನು ಲಗತ್ತಿಸಿ ಜಿಲ್ಲಾ ಕಚೇರಿಗೆ ಬರೆದೆವು. ಮೇಷ್ಟ್ರು ವಾಪಸು ಬಂದರು. ಬಂದ ಮೊದಲ ವಾರ ನಮ್ಮ ಮೇಲೆ ಮುನಿಸಿಕೊಂಡಿದ್ದರು, ಆಮೇಲೆ ಏಳನೇ ತರಗತಿಗೆ ಗಣಿತ ಹಿಡಿದುಕೊಂಡರು. ಚೆನ್ನಾಗಿಯೇ ಹೇಳುತ್ತಾರೆ, ನನ್ನ ಮಗಳು ಭಿನ್ನರಾಶಿ ಕಲಿತದ್ದು ಅವರಿಂದಲೇ.

ಇಷ್ಟಾದರೂ ಶಾಲೆಯ ಹಣೆಬರಹ ನಿಂತಿರುವುದು ತಲೆಲೆಕ್ಕದ ಮೇಲೆ. ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು ಎಂದು ಕೋಷ್ಟಕವಿದೆ. ಒಂದು ಮಗು ಕಡಿಮೆಯಾದರೆ ಒಬ್ಬ ಶಿಕ್ಷಕರು 'ಹೆಚ್ಚುವರಿ' ಆಗಿ ಬೇರೆ ಶಾಲೆಗೆ ಹೋಗಬಹುದು. ಶಿಕ್ಷಕರು ಹೋದರೆ ಅದನ್ನು ನೋಡಿ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಆದ್ದರಿಂದ ಮೇ ತಿಂಗಳಲ್ಲಿ ಬಿಸಿಲಿಗೆ ಕೊಡೆ ಹಿಡಿದು ಮನೆಮನೆಗೆ ಹೋದೆವು, ಶಿಕ್ಷಕರ ಜೊತೆ ನಾವೂ.

ಸಮವಸ್ತ್ರ, ಪುಸ್ತಕ, ಹಾಲು, ಮೊಟ್ಟೆ ಎಲ್ಲ ಉಚಿತ ಎಂದು ಹೇಳಿದರೆ ಯಾರೂ ಬೆರಗಾಗುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಅವರು ಕೇಳುವುದು ವ್ಯಾನ್ ಬರುತ್ತದೆಯೇ, ಇಂಗ್ಲಿಷ್ ಮಾಧ್ಯಮ ಇದೆಯೇ ಎಂದು. 2019–20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ನಮ್ಮದು ಪಟ್ಟಿಯಲ್ಲಿರಲಿಲ್ಲ. ಅದೇ ವರ್ಷ ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಉಚಿತವಾಗಿ ಕೊಡುವ ಶೇಕಡಾ 25ರ ಸೀಟಿನ ನಿಯಮವೂ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಸಿಗದಂತಾಯಿತು. ನಿಮ್ಮ ಶಾಲೆ ಇರುವುದರಿಂದಲೇ ನಮ್ಮ ಮಗುವಿಗೆ ಕಾನ್ವೆಂಟ್ ತಪ್ಪಿತು ಎಂದು ಒಬ್ಬ ತಂದೆ ನಮ್ಮನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬೈದರು. ಬೈಗುಳಕ್ಕೆ ಕಾರಣವಿತ್ತು, ಕೇಳಿಸಿಕೊಂಡು ಬಂದೆವು.

ಇನ್ನೊಂದು ಮನೆಯಲ್ಲಿ, ಐದನೇ ತರಗತಿ ಮುಗಿಸಿ ಮಗಳನ್ನು ಬಿಡಿಸಿಕೊಂಡು ಹೋಗಿದ್ದ ತಾಯಿ ಒಳಗೆ ಕರೆದು ನೀರು ಕೊಟ್ಟರು. ಇಂಗ್ಲಿಷ್ ಬಗ್ಗೆ ಕೇಳಲಿಲ್ಲ. "ಅಕ್ಕ, ಆ ಬೀಗ ತೆಗೆದಿದ್ದಾರೆ ಎಂದು ಕೇಳಿದೆ, ನಿಜವೇ?" ಎಂದರು. ಬಂದು ನೋಡಿ ಎಂದೆವು. ಮಾರನೆಯ ವಾರ ಬಂದು ಬಾಗಿಲು ತಳ್ಳಿ, ಚಿಲಕ ಹಾಕಿ ತೆಗೆದು, ನಲ್ಲಿ ತಿರುಗಿಸಿ ನೋಡಿದರು. ದೊಡ್ಡವಳನ್ನು ವಾಪಸು ತರಲಿಲ್ಲ, ವರ್ಷ ನಡುವೆ ಬದಲಾಯಿಸುವುದು ಬೇಡ ಎಂದರು. ಚಿಕ್ಕವಳನ್ನು ಒಂದನೇ ತರಗತಿಗೆ ಸೇರಿಸಿದರು. 2024ರ ಜೂನ್‌ನಲ್ಲಿ ನಮ್ಮ ಸಂಖ್ಯೆ ನೂರನ್ನು ದಾಟಿತು. ಮುಖ್ಯೋಪಾಧ್ಯಾಯರು ಮಕ್ಕಳ ದಾಖಲಾತಿಯ ಸ್ಯಾಟ್ಸ್ ತಂತ್ರಾಂಶದಲ್ಲಿ ಕೊನೆಯ ಹೆಸರು ಸೇರಿಸಿ ಎಲ್ಲರಿಗೂ ಟೀ ತರಿಸಿದರು.

2025ರಲ್ಲಿ ನಮ್ಮ ಅವಧಿ ಮುಗಿಯಿತು. ಹೊಸ ಸಮಿತಿಗೆ ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮತ್ತು ಮೊಹರು ಬಿದ್ದ ಪ್ರತಿಗಳ ಕಡತವನ್ನು ಪಟ್ಟಿ ಮಾಡಿ ಒಪ್ಪಿಸಿದೆ. ಮಂಡಿಯವರು ಮುಂದಿನ ಯುಗಾದಿಯವರೆಗೆ ಕೊಡುವುದಾಗಿ ಹೇಳಿದ್ದಾರೆ. ಆಮೇಲೆ ಶಾಲೆಗಳ ಸ್ವಚ್ಛತೆಯನ್ನು ಪಟ್ಟಣ ಪಂಚಾಯಿತಿಯೇ ವಹಿಸಿಕೊಳ್ಳಬೇಕು, ಊರಿನ ಉಳಿದ ಸರ್ಕಾರಿ ಶಾಲೆಗಳನ್ನೂ ಸೇರಿಸಿ ಬಜೆಟ್‌ನಲ್ಲಿ ಹಣ ಇಡಬೇಕು ಎಂದು ಅರ್ಜಿ ಕೊಟ್ಟಿದ್ದೇವೆ. ನಮ್ಮ ವಾರ್ಡಿನ ಸದಸ್ಯರು ಪರವಾಗಿದ್ದಾರೆ, ಪಕ್ಕದ ವಾರ್ಡಿನವರು ಮೊದಲು ಅವರ ಶಾಲೆಗೆ ಒಂದು ಕಮಾನು ಆಗಲಿ ಎನ್ನುತ್ತಿದ್ದಾರೆ. ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಅರ್ಜಿ ಎರಡು ಸಲ ಮುಂದಕ್ಕೆ ಹೋಗಿದೆ. ಮುಂದಿನ ಸಭೆಗೆ ಗಾರ್ಮೆಂಟ್ಸ್ ರಜೆಯ ದಿನವೇ ಸಿಕ್ಕಿದೆ; ಹೊಸ ಸದಸ್ಯೆಯರ ಜೊತೆ ಹಳಬರೂ ಹೋಗಿ ಪ್ರೇಕ್ಷಕರ ಸಾಲಿನಲ್ಲಿ ಕೂರುವುದೆಂದು ಮಾತಾಗಿದೆ.